ನಾಲ್ಕನ್ನು ಮೂರಕ್ಕಿಳಿಸಿದ ರಮಾಬಾಯಿ

ಮೈಲಾಪೂರಿನ ಚಿತ್ರಕುಳದ ಹಿಂದಿನ ಬೀದಿಯಲ್ಲಿರುವ ಆ ಹಳೇ ಫ್ಲ್ಯಾಟಿಗೆ ಹೋಗಿ ರಮಾಬಾಯಿ ಮನೆ ಯಾವುದೆಂದು ಕೇಳಿದರೆ ವಾಚ್‌ಮನ್ ತಲೆ ಕೆರೆದುಕೊಳ್ಳುತ್ತಾನೆ. ‘ಕ್ಯೂಬ್ ಮಾಮಿ’ ಅನ್ನಿ, ಎರಡನೇ ಮಹಡಿಯ ಎಡಗಡೆ ಬಾಗಿಲಿನವರೆಗೆ ತಾನೇ ಬಂದು ಬಿಟ್ಟು ಹೋಗುತ್ತಾನೆ. ಅರವತ್ತೈದರ ಹೆಂಗಸಿಗೆ ಇಂಥ ಹೆಸರು ಸುಮ್ಮನೆ ಬರುತ್ತದೆಯೇ? ನಲವತ್ತು ವರ್ಷ ಬೆರಳು ಸವೆಸಿ ಸಂಪಾದಿಸಿದ್ದು. ಅದರ ಮೇಲೆ ಇನ್ನೊಬ್ಬರ ಕಣ್ಣು ಬಿದ್ದಿದ್ದರೆ ಹೋಗಲಿ ಅನ್ನಬಹುದಿತ್ತು. ಆ ಇನ್ನೊಬ್ಬರಿಗೆ ವಿದ್ಯೆ ಕಲಿಸಿದವರು ಸ್ವತಃ ರಮಾಬಾಯಿಯೇ ಆಗಿದ್ದರು, ಅದೇ ಸಂಕಟ.

ಮೊದಲಿನಿಂದ ಹೇಳುವುದು ಒಳ್ಳೆಯದು. ರಮಾಬಾಯಿಯವರ ಮನೆತನ ಮೂರು ತಲೆಮಾರಿನಿಂದ ಮದ್ರಾಸಿನದು. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು, ಕೋಪ ಬಂದರೆ ಎರಡೂ. ೧೯೮೨ರಲ್ಲಿ ಅವರಿಗೆ ಇಪ್ಪತ್ಮೂರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸುವ ಕೆಲಸ. ಯಾರದೋ ತಮ್ಮ ಸಿಂಗಪುರದಿಂದ ತಂದ, ಸಾಲಿಗೆ ಮೂರು ಚೌಕವಿದ್ದು ತಿರುಗಿಸಿ ತಿರುಗಿಸಿ ಮಗ್ಗುಲಿಗೊಂದು ಬಣ್ಣ ಕೂಡಿಸಬೇಕಾದ ಆರು ಬಣ್ಣದ ಕ್ಯೂಬೊಂದು ಅಲ್ಲಿನ ಕ್ಯಾಂಟೀನ್ ಮೇಜಿನ ಮೇಲೆ ವಾರಗಟ್ಟಲೆ ಬಿದ್ದಿತ್ತು. ಎಲ್ಲರೂ ತಿರುಗಿಸಿ, ಬೈದು, ಕೈಬಿಟ್ಟಿದ್ದರು. ರಮಾಬಾಯಿ ಅದನ್ನು ಟಿಫನ್ ಬಾಕ್ಸಿನ ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದರು. ಪುಸ್ತಕವಿಲ್ಲ, ಹೇಳಿಕೊಡುವವರಿಲ್ಲ. ನಾಲ್ಕು ತಿಂಗಳು ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಒಂದೊಂದೇ ತಿರುವನ್ನು ಬರೆದು, ಅದಕ್ಕೆ ತಮ್ಮದೇ ಹೆಸರಿಟ್ಟರು. ಬಲಗಡೆ ಮೇಲೆತ್ತಿ ಮತ್ತೆ ಕೆಳಗಿಳಿಸುವುದು ‘ಕದ ತೆಗೆದು ಹಾಕು’. ಮೂರು ತಿರುವು ಒಂದರೊಳಗೊಂದು ಸೇರಿದರೆ ‘ಹೆರಳು’. ಐದನೇ ತಿಂಗಳು ಕ್ಯಾಂಟೀನಿನಲ್ಲಿ ಎಲ್ಲರೆದುರು ಆರೂ ಬಣ್ಣ ಕೂಡಿಸಿ ಮೇಜಿನ ಮೇಲಿಟ್ಟು, ಏನೂ ಆಗಿಲ್ಲವೆಂಬಂತೆ ಮೊಸರನ್ನ ತಿಂದರು.

ಅವರನ್ನು ಪರೀಕ್ಷೆ ಮಾಡಲು ಒಬ್ಬಳು ಸಹೋದ್ಯೋಗಿ ಒಂದು ಸಲ ಅಂಚಿನ ತುಂಡೊಂದನ್ನು ಕಿತ್ತು, ತಿರುಗಿಸಿ ಕೂಡಿಸಿ ಕೊಟ್ಟಿದ್ದಳು. ಕೊನೆಗೆ ಎಲ್ಲವೂ ಸರಿಯಾಗಿ ಅದೊಂದೇ ಅಂಚು ತಲೆಕೆಳಗಾಗಿ ನಿಂತಿತು. ರಮಾಬಾಯಿ ಒಂದು ಕ್ಷಣ ನೋಡಿ, “ಇದನ್ನ ಬಿಚ್ಚಿದೀರಿ,” ಎಂದರು. ಹುಡುಗಿ ದಂಗಾಗಿ ಹೋದಳು. ತಿರುವುಗಳಿಂದ ಒಂದೇ ಒಂದು ಅಂಚನ್ನು ಮಗುಚಲು ಸಾಧ್ಯವೇ ಇಲ್ಲ, ಹಾಗೆ ಕಂಡರೆ ಯಾರೋ ಕೈಯಾಡಿಸಿದ್ದಾರೆಂದೇ ಅರ್ಥ. ಈ ನಿಯಮವನ್ನು ಅವರು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದರು.

ಮದುವೆಯಾಗಿ ಈ ಫ್ಲ್ಯಾಟಿಗೆ ಬಂದ ಮೇಲೆ ಕ್ಯೂಬ್ ನವರಾತ್ರಿಯ ಜೊತೆ ಸೇರಿಕೊಂಡಿತು. ಅವರ ಮನೆಯ ಗೊಂಬೆ ಹಬ್ಬಕ್ಕೆ ಇಡೀ ಕಟ್ಟಡ ಬರುತ್ತದೆ. ಅಷ್ಟಮಿಯ ಸಂಜೆ ಯಾರಾದರೂ ಕ್ಯೂಬನ್ನು ಚೆನ್ನಾಗಿ ಕಲಸಿ ಕೊಡಬೇಕು, ಪಕ್ಕದ ಮನೆಯ ಜಯಲಕ್ಷ್ಮಮ್ಮ ಒಂದು ದೇವರನಾಮ ಶುರು ಮಾಡಬೇಕು, ಹಾಡು ಮುಗಿಯುವುದರೊಳಗೆ ರಮಾಬಾಯಿ ಕ್ಯೂಬನ್ನು ಸರಿ ಮಾಡಿ ಗೊಂಬೆಗಳ ಮೆಟ್ಟಿಲ ಮೇಲೆ ಇಡಬೇಕು. ಆಮೇಲೆ ಮಂಗಳಾರತಿ, ಕಡಲೆ ಉಸಲಿ. ಅಂದು ಕ್ಯೂಬ್ ಹಿಡಿದ ಮಕ್ಕಳು ಇಂದು ತಮ್ಮ ಮಕ್ಕಳನ್ನು ಕರೆತಂದು ತೋರಿಸುತ್ತಾರೆ. ವರ್ಷದಲ್ಲಿ ಆ ಐದು ನಿಮಿಷ ರಮಾಬಾಯಿಯದು. ಉಳಿದ ದಿನಗಳನ್ನು ಅವರು ಅದರ ಮೇಲೆಯೇ ದೂಡುತ್ತಿದ್ದರು ಎಂದರೂ ತಪ್ಪಿಲ್ಲ.

ಮೂರು ವರ್ಷದ ಕೆಳಗೆ ಕೆಳಮನೆಗೆ ಗಿರಿಜಾದೇವಿ ಬಂದರು. ಹಾವೇರಿ ಕಡೆಯವರು. ಗಂಡ ಏಕಾಂತಪ್ಪನವರದು ಬ್ಯಾಡಗಿ ಮೆಣಸಿನಕಾಯಿಯ ಸಗಟು ವ್ಯಾಪಾರ. ಇಪ್ಪತ್ತೈದು ವರ್ಷ ರಾಯಪುರಂನಲ್ಲಿ ಗೋದಾಮಿನ ಹತ್ತಿರವೇ ಮನೆ ಮಾಡಿದ್ದು, ಮೆಣಸಿನ ಘಾಟು ಸಾಕಾಗಿ ಇತ್ತ ಬಂದಿದ್ದರು. ಮೆಟ್ಟಿಲ ಬಳಿ ಕನ್ನಡ ಕೇಳಿಸಿದಾಗ ರಮಾಬಾಯಿಗೆ ತವರಿನವರು ಬಂದಷ್ಟು ಖುಷಿಯಾಯಿತು. ಗಿರಿಜಾದೇವಿಗೆ ಅರವತ್ತು, ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು, ಕಟ್ಟು ಬಿಚ್ಚಿದರೂ ಬೆರಳು ಮಡಚಲು ಬರುತ್ತಿರಲಿಲ್ಲ.

“ಡಾಕ್ಟರು ಕೊಟ್ಟ ಸ್ಪಾಂಜ್ ಚೆಂಡು ಒತ್ತಿ ಒತ್ತಿ ಬೋರ್ ಆಗಿದೆ ಅಂತೀರಲ್ಲ ಗಿರಿಜಮ್ಮ, ಇದನ್ನ ತಿರುಗಿಸಿ ನೋಡಿ,” ಎಂದು ರಮಾಬಾಯಿಯೇ ಕ್ಯೂಬ್ ಕೈಗಿತ್ತರು. ದಿನಾ ಸಂಜೆ ನಾಲ್ಕಕ್ಕೆ ಕಾಫಿ ಲೋಟದ ಜೊತೆ ಪಾಠ. ‘ಹೆರಳು’ ಹೇಳಿಕೊಟ್ಟರು, ‘ಕದ ತೆಗೆದು ಹಾಕು’ ಹೇಳಿಕೊಟ್ಟರು. ಯಾರಿಗೂ ತೋರಿಸದ ನೋಟ್‌ಬುಕ್ಕನ್ನೂ ತೋರಿಸಿದರು. ಎರಡು ತಿಂಗಳಲ್ಲಿ ಗಿರಿಜಾದೇವಿಯ ಬೆರಳು ಮಡಚಿತು, ಕ್ಯೂಬೂ ಕೂಡಿತು. ಅವತ್ತು ರಮಾಬಾಯಿ ತಮ್ಮ ಕೈಯಾರೆ ಹಯಗ್ರೀವ ಮಾಡಿ ಕೆಳಗೆ ಕಳಿಸಿದ್ದರು. ಆಗಲೇ ನಿಲ್ಲಿಸಿದ್ದರೆ ಚೆನ್ನಾಗಿತ್ತು!

ಗಿರಿಜಾದೇವಿ ನಿಲ್ಲಿಸಲಿಲ್ಲ. ಮೊಬೈಲಿನಲ್ಲಿ ನೋಡುತ್ತ ನೋಡುತ್ತ ಒಂದು ಸಾಲಿಗೆ ನಾಲ್ಕು ಚೌಕವಿರುವ ಕ್ಯೂಬ್ ತರಿಸಿದರು, ಆಮೇಲೆ ಐದರದು, ಹೋದ ಬೇಸಿಗೆಯಲ್ಲಿ ತೆಂಗಿನಕಾಯಿ ಗಾತ್ರದ ಏಳರದು. ಅದನ್ನು ಹಿಡಿದು ಅವರು ಗೇಟಿನ ಹತ್ತಿರದ ಕಲ್ಲುಬೆಂಚಿನ ಮೇಲೆ ಕೂತರೆ ಮಕ್ಕಳು ಮುತ್ತಿಕೊಳ್ಳುತ್ತಿದ್ದವು. ಮಾರುಕಟ್ಟೆಯಿಂದ ಬೆಂಡೆಕಾಯಿ ಹಿಡಿದು ಬರುತ್ತಿದ್ದ ರಮಾಬಾಯಿ ಅದನ್ನು ನೋಡಿದರು. ನೋಡದವರಂತೆ ಮೆಟ್ಟಿಲು ಹತ್ತಿದರು. ಮನೆಗೆ ಬಂದು ಬೆಂಡೆಕಾಯಿಯ ತೊಟ್ಟುಗಳನ್ನು ಕೊಚ್ಚಿದ ಸದ್ದಿಗೆ ಗಂಡ ವಿಷ್ಣುತೀರ್ಥರು ಪೇಪರ್ ಕೆಳಗಿಳಿಸಿದರು. ಅವರು ಕಾಲೇಜೊಂದರ ಲೈಬ್ರರಿಯಿಂದ ರಿಟೈರಾದವರು. ಮಾತು ಕಡಿಮೆ, ಆಡಿದರೆ ಚುಚ್ಚುವುದೇ.

“ಬೆಂಡೆಕಾಯಿ ಏನು ಪಾಪ ಮಾಡಿತು?”

“ನಿಮಗೆ ಯಾವಾಗಲೂ ಕಿಂಡಲು. ಏಳರದ್ದಂತೆ! ಇಷ್ಟು ದೊಡ್ಡದು ಹಿಡ್ಕೊಂಡು ಗೇಟಲ್ಲಿ ಯಾಕೆ ಕೂಡಬೇಕು? ಮನೆಯೊಳಗೆ ಜಾಗ ಇಲ್ವಾ?”

“ನೀನೂ ಗೇಟಲ್ಲಿ ಕೂಡು. ಬೆಂಚು ಉದ್ದ ಇದೆ.”

ಹೊಟ್ಟೆಕಿಚ್ಚು ಎಂದು ತಮಗೆ ತಾವೇ ಒಪ್ಪಿಕೊಳ್ಳಲು ರಮಾಬಾಯಿಗೆ ಒಂದು ತಿಂಗಳು ಬೇಕಾಯಿತು. ಅಷ್ಟರಲ್ಲಿ ಸಂಜೆ ನಾಲ್ಕರ ಕಾಫಿಗೆ ಒಂದೊಂದು ನೆಪ ಹುಟ್ಟಿತ್ತು: ಇವತ್ತು ಏಕಾದಶಿ, ನಾಳೆ ಮೊಣಕಾಲು ನೋವು. ಗಿರಿಜಾದೇವಿಗೆ ಇದೊಂದೂ ತಿಳಿಯುತ್ತಿರಲಿಲ್ಲ. ಒಂದು ದಿನ ತಾವೇ ಮೇಲೆ ಬಂದು, ಏಳರದನ್ನು ಮಡಿಲಲ್ಲಿಟ್ಟುಕೊಂಡು ಉತ್ಸಾಹದಿಂದ ಹೇಳಿದರು.

“ಇದೇನ್ ಅಂಥಾ ದೊಡ್ಡದಲ್ರೀ ಅಕ್ಕಾರ. ಮೊದಲ ಒಂದೊಂದು ಮಗ್ಗಲಿನ ನಡುವಿನ ಬಣ್ಣ ಕೂಡಸೋದು. ಆಮ್ಯಾಲ ಅಂಚಿನ ತುಂಡು ಹುಡುಕಿ ಹುಡುಕಿ ಜೋಡಿ ಮಾಡೋದು. ಅಷ್ಟಾತಂದ್ರ ನಾಲ್ಕಿರಲಿ ಏಳಿರಲಿ, ಮೂರರದ್ದಕ್ಕ ಇಳದಬಿಡ್ತೈತಿ. ಮೂರರದ್ದು ಹೆಂಗೂ ನೀವ ಕಲಿಸೀರಿ!”

ಆ ಕೊನೆಯ ಮಾತನ್ನು ಗೌರವಕ್ಕೆ ಹೇಳಿದ್ದು. ರಮಾಬಾಯಿಯ ಕಿವಿಗೆ ಅದು ಬೇರೆಯೇ ಆಗಿ ಬಿತ್ತು: ನಾಲ್ಕು ತಿಂಗಳು ತಪಸ್ಸು ಮಾಡಿ ತಾವು ಹತ್ತಿದ ಬೆಟ್ಟ, ಇವಳಿಗೆ ಇಳಿದು ನಿಲ್ಲುವ ಜಾಗ. “ಚೆನ್ನಾಗಿದೆ,” ಎಂದು ಎದ್ದು ಒಳಗೆ ಹೋಗಿ, ಖಾಲಿ ಕುಕ್ಕರನ್ನು ತೊಳೆಯುತ್ತ ನಿಂತರು.

ನವರಾತ್ರಿಗೆ ತಿಂಗಳಿರುವಾಗ ಫ್ಲ್ಯಾಟಿನ ಸಂಘದ ಕಾರ್ಯದರ್ಶಿ ಶ್ರೀನಾಥ್ ಬಂದ. ಒಳ್ಳೆಯ ಹುಡುಗ, ಅಂದರೆ ನಲವತ್ತೈದು ವರ್ಷದವನು, ಇಲ್ಲೇ ಹುಟ್ಟಿ ಬೆಳೆದವನು. “ಮಾಮಿ, ಈ ಸಲ ಅಷ್ಟಮಿ ಪ್ರೋಗ್ರಾಂ ಮೊಟ್ಟೈಮಾಡಿಯಲ್ಲಿ ಇಟ್ಕೊಳ್ಳೋಣ,” ಎಂದ, ತನ್ನ ತಮಿಳು ಬೆರೆತ ಕನ್ನಡದಲ್ಲಿ. “ತಾರಸಿ ದೊಡ್ಡದು, ಎಲ್ಲಾ ಕೂಡಬಹುದು. ಗಿರಿಜಾ ಮಾಮಿ ಪೆರಿಯ ಕ್ಯೂಬ್ ಮಾಡ್ತಾರೆ. ನೀವು ಮೊದಲು ನಿಮ್ಮ ಚಿಕ್ಕದು ಮಾಡಿಬಿಡಿ.”

ಚಿಕ್ಕದು! “ನಾನೂ ದೊಡ್ಡದೇ ಮಾಡ್ತೇನೆ ಅಂತ ಬರ್ಕೋ,” ಎಂದುಬಿಟ್ಟರು ರಮಾಬಾಯಿ. ಬಾಯಿಂದ ಹೊರಟ ಮೇಲೆ, ತಾವು ಮೂರರದು ಬಿಟ್ಟು ಬೇರೆ ಮುಟ್ಟಿಯೇ ಇಲ್ಲವೆಂದು ನೆನಪಾಯಿತು. ಆದರೆ ಆಡಿದ ಮಾತು ವಾಪಸು ತೆಗೆದುಕೊಳ್ಳುವ ಹೆಂಗಸಲ್ಲ ಅವರು.

ನಾಲ್ಕರ ಕ್ಯೂಬ್ ಮೂರು ದಿನದಲ್ಲಿ ಮನೆಗೆ ಬಂತು. ಗಿರಿಜಾದೇವಿಯನ್ನು ಕೇಳಿದ್ದರೆ ಒಂದು ವಾರದಲ್ಲಿ ಮುಗಿಯುವ ವಿದ್ಯೆ. ಕೇಳುವುದೆಲ್ಲಿ ಬಂತು? ಮೊಬೈಲಿನಲ್ಲಿ ನೋಡುವುದೂ ಅವಮಾನವೇ, ಅವಳ ದಾರಿಯಲ್ಲವೇ ಅದು. ‘ನಡು ಕೂಡಿಸು, ಅಂಚು ಜೋಡಿಸು, ಮೂರಕ್ಕಿಳಿಸು’ ಎಂದು ಕಿವಿಗೆ ಬಿದ್ದ ಅಷ್ಟೇ ಮಾತನ್ನು ಹಿಡಿದುಕೊಂಡು ರಮಾಬಾಯಿ ಮತ್ತೆ ನೋಟ್‌ಬುಕ್ ತೆರೆದರು. ಮೂರರ ಕ್ಯೂಬಿನಲ್ಲಿ ಪ್ರತಿ ಮಗ್ಗುಲಿನ ನಟ್ಟನಡುವೆ ಅಲುಗದ ಒಂದು ಚೌಕ ಇರುತ್ತದೆ, ಯಾವ ಬಣ್ಣ ಎಲ್ಲಿ ಎಂದು ಅದೇ ಹೇಳುತ್ತದೆ. ನಾಲ್ಕರದರಲ್ಲಿ ಅದಿಲ್ಲ, ನಡುವೆ ನಾಲ್ಕು ಚೌಕ, ನಾಲ್ಕೂ ಓಡಾಡುವಂಥವು. ಕೆಂಪು, ಕಿತ್ತಳೆ ಎರಡನ್ನೂ ಅದಲುಬದಲಾಗಿ ಕೂಡಿಸಿ, ಎರಡು ದಿನ ಶ್ರಮಪಟ್ಟು, ಕೊನೆಗೆ ಮೂಲೆಗಳು ಎಲ್ಲೂ ಹೊಂದದೆ ಮತ್ತೆ ಮೊದಲಿನಿಂದ ಶುರು ಮಾಡಿದರು. ಆ ಎರಡು ದಿನ ಮನೆಯಲ್ಲಿ ಹುಳಿ ತಳ ಹಿಡಿಯಿತು. ವಿಷ್ಣುತೀರ್ಥರು ಮಜ್ಜಿಗೆ ಅನ್ನ ಉಂಡರು.

ಹಬ್ಬಕ್ಕೆ ಒಂದು ವಾರವಿರುವಾಗ ನಾಲ್ಕರದು ಮೊದಲ ಸಲ ಪೂರ್ತಿ ಕೂಡಿತು. ನಾಲ್ಕು ದಿನ ಬಿಟ್ಟು ಇನ್ನೊಂದು ಸಲ, ಇಪ್ಪತ್ತೈದು ನಿಮಿಷದಲ್ಲಿ. ರಮಾಬಾಯಿ ಅದನ್ನು ಎದೆಗವಚಿಕೊಂಡು ಕೋಣೆಯಿಂದ ಕೋಣೆಗೆ ಓಡಾಡಿದರು. ಸಂತೋಷ ಅರ್ಧ, ಇನ್ನರ್ಧ ಗಿರಿಜಾದೇವಿಯ ಮುಖ ಹೇಗಾದೀತೆಂಬ ಕಲ್ಪನೆ. ಎರಡನೆಯ ಅರ್ಧವೇ ಹೆಚ್ಚು ರುಚಿಯಾಗಿತ್ತು.

ಸಪ್ತಮಿಯ ಬೆಳಿಗ್ಗೆ ಗಿರಿಜಾದೇವಿ ಅರಿಶಿನ ಕುಂಕುಮಕ್ಕೆ ಮೇಲೆ ಬಂದರು. ಗೊಂಬೆಗಳ ಹಿಂದೆ ಅಡಗಿಸಿಟ್ಟ ಕ್ಯೂಬ್ ಅವರ ಕಣ್ಣಿಗೆ ಬಿದ್ದೇ ಬಿಟ್ಟಿತು.

“ಅಯ್ಯ! ನಾಲ್ಕರದ್ದು ಯಾವಾಗ ತರಿಸಿದ್ರೀ? ನನಗ ಹೇಳಬಾರದೇನ್ರೀ!” ಎಂದು ತೆಗೆದುಕೊಂಡು ಒಂದೆರಡು ತಿರುವು ತಿರುಗಿಸಿದರು. “ಭಾಳ ಬಿಗಿ ಐತಲ್ರೀ ಇದು. ನಿಮ್ಮ ಬೆರಳು ನೋಯತಾವು. ಬಿಚ್ಚಿ, ಎಣ್ಣಿ ಹಾಕಿ, ಸಂಜಿಗೆ ಕೊಡ್ತೀನಿ.”

ಬೇಡ ಅನ್ನಲು ಕಾರಣ ತೋಚಲಿಲ್ಲ. ಸಂಜೆ ಅದು ವಾಪಸು ಬಂತು, ಬೆಣ್ಣೆಯಂತೆ ತಿರುಗುತ್ತಿತ್ತು. ಆರೂ ಬಣ್ಣ ಸರಿಯಾಗಿ ಕೂಡಿಸಿಯೇ ತಂದಿದ್ದರು. ಕೂಡಿಸಿ ಏಕೆ ತಂದಳು, ತನಗೆ ಬರುತ್ತದೆಂದು ತೋರಿಸಲೋ ಎಂದು ರಮಾಬಾಯಿ ಅದಕ್ಕೂ ಮುಖ ಗಂಟು ಹಾಕಿದರು.

ಅಷ್ಟಮಿಯ ಸಂಜೆ ತಾರಸಿ ತುಂಬಿತ್ತು. ಜಮಖಾನೆಯ ಮೇಲೆ ಇಬ್ಬರೂ ಎದುರು ಬದುರು ಕೂತರು. ಗಿರಿಜಾದೇವಿಯ ಕೈಯಲ್ಲಿ ಏಳರದು, ರಮಾಬಾಯಿಯ ಕೈಯಲ್ಲಿ ಶ್ರೀನಾಥ್ ಕಲಸಿಕೊಟ್ಟ ನಾಲ್ಕರದು. ಜಯಲಕ್ಷ್ಮಮ್ಮ ಹಾಡಿನ ಮೇಲೆ ಹಾಡು ತೆಗೆದರು. ರಮಾಬಾಯಿ ತಲೆ ಎತ್ತಲಿಲ್ಲ. ನಡು ಕೂಡಿತು. ಹನ್ನೆರಡು ಅಂಚು ಜೋಡಿಯಾದವು. ನಾಲ್ಕು ಮೂರಕ್ಕಿಳಿಯಿತು. ಇನ್ನು ತಮ್ಮ ಊರು, ತಮ್ಮ ಬೀದಿ! ಬೆರಳುಗಳು ಓಡಿದವು. ಗಿರಿಜಾದೇವಿಯದು ಇನ್ನೂ ಅರ್ಧದಲ್ಲಿತ್ತು. ಮಕ್ಕಳು ಒಬ್ಬೊಬ್ಬರಾಗಿ ಇತ್ತ ಸರಿದು ಬರುತ್ತಿದ್ದುದು ರಮಾಬಾಯಿಗೆ ನೋಡದೆಯೂ ಗೊತ್ತಾಗುತ್ತಿತ್ತು.

ಕೊನೆಯ ಹೆರಳು ಮುಗಿಸಿ ಕ್ಯೂಬ್ ಎತ್ತಿ ಹಿಡಿದರು. ಎಲ್ಲವೂ ಸರಿ. ಒಂದೇ ಒಂದು ಅಂಚು, ಜೋಡಿ ಜೋಡಿಯಾಗಿಯೇ, ತಲೆಕೆಳಗಾಗಿ ನಿಂತಿತ್ತು.

ರಮಾಬಾಯಿ ಅದನ್ನೇ ನೋಡಿದರು. ಜನರೂ ನೋಡಿದರು. ಹಾಡು ನಿಂತಿತು. ಕೆಂಪು ಶಾಯಿಯ ನಿಯಮ ಅವರ ಕಣ್ಣ ಮುಂದೆ ಬಂದು ನಿಂತಿತು. ನಲವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪದ ನಿಯಮ. ನಿನ್ನೆ ಇದನ್ನು ತೆಗೆದುಕೊಂಡು ಹೋದವಳು ಯಾರು? ಬಿಚ್ಚುತ್ತೇನೆಂದು ಬಾಯಿಬಿಟ್ಟು ಹೇಳಿದವಳು ಯಾರು?

“ಇದನ್ನ ಬಿಚ್ಚಿದಾರೆ,” ಎಂದರು, ಗಟ್ಟಿಯಾಗಿ. “ಬಿಚ್ಚಿ, ತುಂಡು ತಿರುಗಿಸಿ ಹಾಕಿದಾರೆ. ನಾನು ಹೇಗೆ ಮಾಡಿದ್ರೂ ಇದು ಕೂಡೋದಿಲ್ಲ. ಗಿರಿಜಮ್ಮಾ, ನಿನ್ನೆ ಇದು ನಿಮ್ಮನೇಲಿ ಇತ್ತು ತಾನೆ?”

ಗಿರಿಜಾದೇವಿ ಏಳರದನ್ನು ಕೆಳಗಿಟ್ಟು ಎದ್ದು ಬಂದರು. ಕ್ಯೂಬನ್ನು ಕೈಗೆ ತೆಗೆದುಕೊಂಡು ಆ ಅಂಚನ್ನು ನೋಡಿದರು, ಆಮೇಲೆ ರಮಾಬಾಯಿಯ ಮುಖ ನೋಡಿದರು. ಏನೋ ಹೇಳಲು ಬಾಯಿ ತೆರೆದವರು ಮತ್ತೆ ಆ ಅಂಚಿನ ಮೇಲೆ ಬೆರಳಾಡಿಸಿದರು.

“ಹೌದ್ರಿ ಅಕ್ಕಾರ,” ಎಂದರು ಕಡೆಗೆ. “ಎಣ್ಣಿ ಹಾಕಬೇಕಾದ್ರ ಎರಡು ತುಂಡು ಅದಲುಬದಲ ಕೂತಾವು. ನಂದ ತಪ್ಪು.” ಉಗುರಿನಿಂದ ಆ ಜೋಡಿಯನ್ನು ಎಬ್ಬಿಸಿ ಕಿತ್ತು, ಅದಲುಬದಲು ಮಾಡಿ ಒತ್ತಿ ಕೂಡಿಸಿ, ಆರೂ ಬಣ್ಣ ಸರಿಯಾದ ಕ್ಯೂಬನ್ನು ರಮಾಬಾಯಿಯ ಕೈಗಿಟ್ಟರು. ಶ್ರೀನಾಥ್ ಚಪ್ಪಾಳೆ ತಟ್ಟಿದ, ಎಲ್ಲರೂ ತಟ್ಟಿದರು. ಗಿರಿಜಾದೇವಿ ತಮ್ಮ ಏಳರದನ್ನು ಮುಗಿಸದೆ ಸೆರಗಿನಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದರು.

ಗೆದ್ದ ರಮಾಬಾಯಿ ಅಂದು ಎರಡು ಬಟ್ಟಲು ಉಸಲಿ ತಿಂದರು. ಮರುದಿನ ಸರಸ್ವತಿ ಪೂಜೆ. ಬೆಳಿಗ್ಗೆಯಿಂದ ಮಕ್ಕಳು ಕ್ಯೂಬ್ ಮಾಮಿ ಮನೆಗೆ ಬಂದು ಹೋಗಿ ಮಾಡಿದವು. “ಗಿರಿಜಾ ಪಾಟಿ ಚೀಟಿಂಗ್, ಕೆಳಗೆ ಹೋಗಬೇಡ ಅಂತ ಅಮ್ಮ ಹೇಳಿದಾಳೆ,” ಎಂದು ಒಂದು ಪುಟ್ಟ ಹುಡುಗಿ ವರದಿ ಒಪ್ಪಿಸಿದಳು. ಹಾಗೆಲ್ಲ ಅನ್ನಬಾರದು ಎಂದು ರಮಾಬಾಯಿ ಬಾಯಲ್ಲಿ ಹೇಳಿದರು. ಒಳಗೆ ಹಿತವಾಗಿತ್ತು. ನೋಟ್‌ಬುಕ್ಕನ್ನೂ ನಾಲ್ಕರ ಕ್ಯೂಬನ್ನೂ ಪುಸ್ತಕಗಳ ಜೊತೆ ದೇವರ ಮುಂದಿಟ್ಟು ಹೂ ಏರಿಸಿದರು. ಗೇಟಿನ ಕಲ್ಲುಬೆಂಚು ಇಡೀ ದಿನ ಖಾಲಿಯಾಗಿತ್ತು; ಅದನ್ನೂ ಬಾಲ್ಕನಿಯಿಂದ ನಾಲ್ಕು ಸಲ ಇಣುಕಿ ಖಚಿತ ಮಾಡಿಕೊಂಡರು.

ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯ ಬೆಳಿಗ್ಗೆ ತೆಗೆದು ಒಂದು ಪುಟವಾದರೂ ಓದಬೇಕು. ಕ್ಯೂಬಿಗೂ ಆ ಮನೆಯಲ್ಲಿ ಅದೇ ಶಾಸ್ತ್ರ. ಸ್ನಾನ ಮಾಡಿ ಬಂದ ವಿಷ್ಣುತೀರ್ಥರು ಅದನ್ನು ಕಲಸಿ ಕೊಟ್ಟರು. ರಮಾಬಾಯಿ ಮಣೆಯ ಮೇಲೆ ಕೂತು ನಡು ಕೂಡಿಸಿದರು, ಅಂಚು ಜೋಡಿಸಿದರು, ಮೂರಕ್ಕಿಳಿಸಿದರು, ಮುಗಿಸಿದರು. ಒಂದು ಅಂಚು ತಲೆಕೆಳಗಾಗಿತ್ತು.

“ರೀ, ನೀವೇನಾದರೂ ಇದನ್ನ ಬಿಚ್ಚಿದ್ರಾ?”

“ನನ್ನ ಕನ್ನಡಕದ ಸ್ಕ್ರೂ ಬಿಚ್ಚೋಕೆ ಅಂಗಡಿಗೆ ಹೋಗೋನು ನಾನು. ಅದೂ ಅಲ್ಲದೆ ರಾತ್ರಿಯೆಲ್ಲ ದೇವರ ಮುಂದಿತ್ತಲ್ಲ.”

ರಮಾಬಾಯಿ ಮತ್ತೆ ಕಲಸಿ ಮತ್ತೆ ಮಾಡಿದರು: ಈ ಸಲ ಸರಿಯಾಗಿ ಕೂಡಿತು. ಮೂರನೆಯ ಸಲ, ಮತ್ತೆ ಅದೇ ಮಗುಚಿದ ಅಂಚು. ಯಾರೂ ಬಿಚ್ಚಿರಲಿಲ್ಲ, ಯಾರೂ ಮುಟ್ಟಿರಲಿಲ್ಲ. ಮಾಡಿದ್ದು ತಮ್ಮದೇ ಹತ್ತು ಬೆರಳು. ಅಡುಗೆಯನ್ನು ಗಂಡನಿಗೆ ಬಿಟ್ಟು ಪೆನ್ಸಿಲ್ ಹಿಡಿದು ಕೂತರು. ಮಧ್ಯಾಹ್ನದ ಹೊತ್ತಿಗೆ ಅರ್ಥವಾಯಿತು. ಮೂರರದರಲ್ಲಿ ಅಂಚು ಎಂದರೆ ಒಂದೇ ತುಂಡು. ನಾಲ್ಕರದರಲ್ಲಿ ಅದು ಎರಡು ತುಂಡುಗಳ ಜೋಡಿ. ಜೋಡಿಸುವಾಗಲೇ ಅವು ಹಿಂದುಮುಂದಾಗಿ ಸೇರಿರಬಹುದು, ಕೊನೆಯವರೆಗೂ ಗೊತ್ತಾಗುವುದಿಲ್ಲ. ಮೂರಕ್ಕಿಳಿದರೂ ಅದು ಪೂರ್ತಿ ಮೂರಲ್ಲ. ತಮ್ಮ ಕೆಂಪು ಶಾಯಿಯ ನಿಯಮ ಅಲ್ಲಿ ನಡೆಯುವುದೇ ಇಲ್ಲ. ಅದೂ ಅಲ್ಲದೆ ಗಿರಿಜಾದೇವಿ ಆರೂ ಬಣ್ಣ ಕೂಡಿಸಿಯೇ ತಂದುಕೊಟ್ಟಿದ್ದರು, ಸಿಟ್ಟಿನಲ್ಲಿ ಅದೂ ನೆನಪಾಗಿರಲಿಲ್ಲ.

ಇದು ಗಿರಿಜಾದೇವಿಗೆ ಗೊತ್ತಿರಲಿಲ್ಲವೇ? ದಿನಾ ನಾಲ್ಕರದನ್ನು ಮಾಡುವವರಿಗೆ? ಆ ಯೋಚನೆ ಬಂದದ್ದೇ ರಮಾಬಾಯಿಗೆ ಕೂತಲ್ಲಿ ಕೂರಲಾಗಲಿಲ್ಲ.

ಕೆಳಮನೆಯ ಬಾಗಿಲು ತೆರೆದಾಗ ಗಿರಿಜಾದೇವಿ ರಮಾಬಾಯಿಯ ಕೈಯಲ್ಲಿದ್ದ ಕ್ಯೂಬ್ ನೋಡಿದರು, ಅದರ ಮೇಲಿನ ಮಗುಚಿದ ಅಂಚು ನೋಡಿದರು. “ಗೊತ್ತಾತೇನ್ರಿ?” ಎಂದರು ಮೆಲ್ಲಗೆ.

“ಅವತ್ತೇ ಯಾಕೆ ಹೇಳಲಿಲ್ಲ?” ಜಗಳಕ್ಕೆ ಬಂದವರಂತೆಯೇ ಇತ್ತು ರಮಾಬಾಯಿಯ ದನಿ.

“ಹೆಂಗ ಹೇಳಲ್ರಿ? ಅಷ್ಟು ಮಂದಿ ಮುಂದ ನೀವು ಬಿಚ್ಚ್ಯಾರಂತ ಅಂದಬಿಟ್ಟಿದ್ರಿ. ಎರಡು ಸಲಕ್ಕ ಒಮ್ಮೆ ಬರತೈತ್ರೀ ಅದು, ನಿಮಗ ಇಷ್ಟೂ ಗೊತ್ತಿಲ್ಲೇನು ಅಂತ ನಾನು ಅನ್ನಬೇಕಿತ್ತೇನು? ಈ ಕೈಗೆ ಕ್ಯೂಬ್ ಕೊಟ್ಟಾವ್ರು ನೀವು.”

“ಮಕ್ಕಳು ನಿಮ್ಮನ್ನ ಏನಂತಾವೆ ಗೊತ್ತಾ?”

“ಗೊತ್ತೈತಿ,” ಎಂದರು ಗಿರಿಜಾದೇವಿ. ಕಣ್ಣು ಕೆಂಪಾಗಿದ್ದವು. “ಬಿಡ್ರಿ, ಮರೀತಾವು.”

ಮೆಟ್ಟಿಲು ಹತ್ತುವಾಗ ರಮಾಬಾಯಿಗೆ ನಾಚಿಕೆಯಾಗುತ್ತಿತ್ತು, ನಿಜ. ಆದರೆ ನಾಚಿಕೆಗಿಂತ ಮೇಲೆ ಇನ್ನೊಂದು ಉರಿಯುತ್ತಿತ್ತು. ಕ್ಯೂಬಿನಲ್ಲಿ ಸೋತಿದ್ದರೆ ಅಭ್ಯಾಸ ಮಾಡಿ ಗೆಲ್ಲಬಹುದು. ಅಷ್ಟು ಜನರೆದುರು ಕಳ್ಳಿ ಅನ್ನಿಸಿಕೊಂಡು ಬಾಯಿ ಮುಚ್ಚಿಕೊಂಡಿರುವುದಕ್ಕೆ ಯಾವ ಅಭ್ಯಾಸ ಮಾಡುವುದು? ಇದರಲ್ಲೂ ಅವಳೇ ಮುಂದೆ ಹೋದಳಲ್ಲ! ಹಾಳಾದವಳು, ಒಳ್ಳೆಯವಳಾಗಿಯೂ ಗೆದ್ದಳು.

ಸಂಜೆ ಗೊಂಬೆಗಳನ್ನು ಮಲಗಿಸುವ ಮಂಗಳಾರತಿಗೆ ಎಲ್ಲರೂ ರಮಾಬಾಯಿಯ ಮನೆಗೆ ಬಂದರು. ಗಿರಿಜಾದೇವಿ ಬರಲಾರೆ ಎಂದಿದ್ದರು. ವಿಷ್ಣುತೀರ್ಥರು ತಾವೇ ಹೋಗಿ ಕರೆತಂದರು. ಅವರು ಬಾಗಿಲ ಪಕ್ಕ ಚಪ್ಪಲಿಗಳ ಹತ್ತಿರವೇ ನಿಂತರು. ಪಕ್ಕದಲ್ಲಿದ್ದ ಇಬ್ಬರು ಹೆಂಗಸರು ತುಸು ಸರಿದು ನಿಂತರು.

ರಮಾಬಾಯಿ ಉಪಾಯ ಹೂಡಿದ್ದರು. ಎಲ್ಲರ ಕಣ್ಣೆದುರು ಕ್ಯೂಬ್ ಕಲಸಿಸಿ, ಕಣ್ಣೆದುರೇ ಮಾಡಿ, ಕೊನೆಗೆ ಅಂಚು ಮಗುಚಿ ನಿಂತಾಗ, ನೋಡಿ, ಯಾರೂ ಬಿಚ್ಚದೆಯೂ ಹೀಗಾಗುತ್ತದೆ ಎಂದು ತೋರಿಸಿಬಿಡುವುದು. ತಪ್ಪೊಪ್ಪಿಗೆಯ ಕೆಲಸವನ್ನು ಕ್ಯೂಬೇ ಮಾಡಿಬಿಡುತ್ತದೆ, ತಮ್ಮ ಬಾಯಿ ಅಷ್ಟಾಗಿ ನೋಯುವುದಿಲ್ಲ. ಶ್ರೀನಾಥ್ ಕಲಸಿದ. ಜಯಲಕ್ಷ್ಮಮ್ಮ ಹಾಡಿದರು. ಇಪ್ಪತ್ತೆರಡು ನಿಮಿಷ ರಮಾಬಾಯಿ ಜೀವಮಾನದಲ್ಲೇ ಮೊದಲ ಸಲ, ಕೂಡದಿರಲಪ್ಪಾ ದೇವರೇ, ಒಂದು ಅಂಚಾದರೂ ಮಗುಚಲಿ ಎಂದು ಬೇಡಿಕೊಳ್ಳುತ್ತ ಕ್ಯೂಬ್ ತಿರುಗಿಸಿದರು.

ಕೊನೆಯ ತಿರುವು ಬಿತ್ತು. ಆರೂ ಬಣ್ಣ ಅಚ್ಚುಕಟ್ಟಾಗಿ ಕೂಡಿದವು. ಒಂದು ಚೌಕವೂ ತಪ್ಪಿರಲಿಲ್ಲ.

ಮನೆ ಚಪ್ಪಾಳೆಯಿಂದ ತುಂಬಿಹೋಯಿತು. ಮಕ್ಕಳು ಕುಣಿದವು. “ನೋಡಿದಿರಾ, ಯಾರೂ ಬಿಚ್ಚದಿದ್ದರೆ ಮಾಮಿ ಕೈಯಲ್ಲಿ ಕೂಡದೇ ಇರುತ್ತಾ?” ಎಂದು ಯಾರೋ ತಮಿಳಿನಲ್ಲಿ ಹೇಳಿದರು. ಗಿರಿಜಾದೇವಿ ತಲೆ ತಗ್ಗಿಸಿ ಕಾಲಿಗೆ ಚಪ್ಪಲಿ ಹುಡುಕುತ್ತಿದ್ದರು.

ಒಂದು ತಿಂಗಳಿಂದ ಹಗಲೂ ರಾತ್ರಿ ಬಯಸಿದ್ದ ಚಪ್ಪಾಳೆ ಇದೇ. ತಟ್ಟೆಯಲ್ಲಿ ಕರ್ಪೂರ ಸಿದ್ಧವಾಗಿತ್ತು. ಸುಮ್ಮನಿದ್ದರೆ ಸಾಕು, ಆರತಿ ಮುಗಿದು ಎಲ್ಲರೂ ಮನೆಗೆ ಹೋಗುತ್ತಾರೆ, ಕ್ಯೂಬ್ ಮಾಮಿ ಕ್ಯೂಬ್ ಮಾಮಿಯಾಗಿಯೇ ಇರುತ್ತಾರೆ.

“ನಿಲ್ಲಿಸಿ,” ಎಂದರು ರಮಾಬಾಯಿ. ಕೇ‌ಳಿಸಲಿಲ್ಲ. “ನಿಲ್ಲಿಸ್ರೋ!” ಎಂದು ಕೂಗಿದರು. ಆಮೇಲೆ ಎಲ್ಲರಿಗೂ ತಿಳಿಯಲೆಂದು ತಮಿಳಿನಲ್ಲೇ ಹೇಳಿದರು. ಗಿರಿಜಾ ಏನೂ ತಪ್ಪು ಮಾಡಿರಲಿಲ್ಲ. ಅವಳು ಎಣ್ಣೆ ಹಾಕಿ ಸರಿಯಾಗಿಯೇ ಕೊಟ್ಟಿದ್ದಳು. ಈ ಕ್ಯೂಬಿನಲ್ಲಿ ಆ ಅಂಚು ತಾನಾಗಿಯೇ ಮಗುಚುತ್ತದೆ, ಬೆಳಿಗ್ಗೆ ನನಗೆ ಎರಡು ಸಲ ಮಗುಚಿತು, ಈಗ ಮಗುಚಲಿಲ್ಲ, ಅಷ್ಟೇ. ನನಗೆ ಅದು ಗೊತ್ತಿರಲಿಲ್ಲ, ಅವಳಿಗೆ ಗೊತ್ತಿತ್ತು. ನನ್ನ ಮಾನ ಹೋಗಬಾರದೆಂದು ಮಾಡದ ತಪ್ಪನ್ನು ತಲೆ ಮೇಲೆ ಹೊತ್ತುಕೊಂಡಳು.

“ಪರವಾಯಿಲ್ಲೆ ಮಾಮಿ, ತಪ್ಪು ತಿಳ್ಕೊಂಡಿರಿ, ಯಾರಿಗಾದರೂ ಆಗುತ್ತೆ,” ಎಂದ ಶ್ರೀನಾಥ್, ಮುಜುಗರದಿಂದ.

“ಇಲ್ಲಪ್ಪ. ಬರೀ ತಪ್ಪು ತಿಳಿದಿದ್ದರೆ ಅವಳನ್ನ ಪಕ್ಕಕ್ಕೆ ಕರೆದು ಕೇಳ್ತಿದ್ದೆ. ಎಲ್ಲರ ಮುಂದೆ ಕೂಗಿದ್ದು ಹೊಟ್ಟೆಕಿಚ್ಚಿಗೆ.” ಇದನ್ನು ಕನ್ನಡದಲ್ಲಿ ಅಂದವರು, ಆ ಮಾತೊಂದನ್ನು ಬಿಟ್ಟರೆ ಆಗದೆಂದು ತಮಿಳಿನಲ್ಲೂ ಅಂದರು: “ಪೊರಾಮೈ.”

ಜಯಲಕ್ಷ್ಮಮ್ಮ ಕರ್ಪೂರದ ತಟ್ಟೆ ಹಿಡಿದು ಹಾಗೆಯೇ ನಿಂತಿದ್ದರು. ಗಿರಿಜಾದೇವಿ ಹಾಕಿಕೊಂಡಿದ್ದ ಒಂದು ಚಪ್ಪಲಿ ಬಿಟ್ಟು, ಮಕ್ಕಳನ್ನು ದಾಟಿಕೊಂಡು ಮುಂದೆ ಬಂದು ರಮಾಬಾಯಿಯ ಎದುರು ನಿಂತರು.

“ಈಗರೆ ಹೋತೇನ್ರಿ ಅಕ್ಕಾರ, ಹೊಟ್ಟಿಕಿಚ್ಚು?”

“ಎಲ್ಲಿ ಹೋಗತ್ತೆ?” ಎಂದರು ರಮಾಬಾಯಿ. “ನೀವು ಮಾಡಿದ್ದು ನೋಡಿದ ಮೇಲೆ ಇನ್ನೂ ಜಾಸ್ತಿಯಾಗಿದೆ.”